ಕಡಲತಳದ ಮಣ್ಣಿನ ಲೆಕ್ಕವೂ ಸಾರ್ವಜನಿಕರ ಮುಂದಿರಲಿ

ಮಾನ್ಯ ಸಂಪಾದಕರೇ,

ಕಡಲಿನ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ ಪಡೆಯುವ ಯೋಜನೆಗಳ ಸುದ್ದಿ ಈಚಿನ ವರ್ಷಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. 2015ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಬಗ್ಗೆ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2017ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಗಾಳಿಯ ವೇಗವನ್ನು ಅಳೆಯುವ ಲೈಡಾರ್ ಉಪಕರಣವನ್ನು ನಿಲ್ಲಿಸಲಾಯಿತು. 2024ರ ಜೂನ್ ತಿಂಗಳಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳಿಗೆ, ಬಂದರುಗಳ ಸುಧಾರಣೆಯೂ ಸೇರಿದಂತೆ, 7,453 ಕೋಟಿ ರೂಪಾಯಿಗಳ ನೆರವನ್ನು ಕೇಂದ್ರ ಸಚಿವ ಸಂಪುಟ ಮಂಜೂರು ಮಾಡಿತು. ಈ ಸುದ್ದಿಗಳ ಜೊತೆಗೆ ನಡೆಯುವ ಚರ್ಚೆಯಲ್ಲಿ ಗಾಳಿಯ ವೇಗ, ಯೂನಿಟ್ಟಿನ ದರ, ಸಹಾಯಧನದ ಪ್ರಮಾಣ ಇವೆಲ್ಲ ಬರುತ್ತವೆ. ಆ ಯಂತ್ರಗಳು ನಿಲ್ಲಬೇಕಾದ ನೆಲದ ಮಾತು ಮಾತ್ರ ಬರುವುದಿಲ್ಲ. ಮಣ್ಣು ಪರೀಕ್ಷೆಯ ಕೆಲಸದಲ್ಲೇ ವೃತ್ತಿಜೀವನವನ್ನು ಕಳೆದವನಾದ್ದರಿಂದ ಈ ಕೊರತೆಯ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಕಡಲತಳದ ಮಣ್ಣನ್ನು ಸರಿಯಾಗಿ ತಿಳಿಯದೆ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವೃತ್ತಿಯವರೆಲ್ಲ ನೆನೆಯುವ ಪ್ರಸಂಗವೊಂದಿದೆ. 1982ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ತೀರದಿಂದ ಬಹು ದೂರ, ಸುಮಾರು 125 ಮೀಟರ್ ಆಳದ ನೀರಿನಲ್ಲಿ, ನಾರ್ತ್ ರ‍್ಯಾಂಕಿನ್-ಎ ಎಂಬ ನೈಸರ್ಗಿಕ ಅನಿಲದ ವೇದಿಕೆಯನ್ನು ನಿಲ್ಲಿಸಲಾಗುತ್ತಿತ್ತು. ಅದರ ಉಕ್ಕಿನ ಕಾಲುಗಳನ್ನು ನೆಲಕ್ಕೆ ಬಿಗಿಯುವ ಪೈಲುಗಳನ್ನು, ಅಂದರೆ ಉದ್ದನೆಯ ಉಕ್ಕಿನ ಕೊಳವೆಗಳನ್ನು, ಭಾರಿ ಸುತ್ತಿಗೆಯಿಂದ ಹೊಡೆದು ಇಳಿಸಬೇಕಿತ್ತು. ಪ್ರತಿ ಏಟಿಗೂ ನೆಲ ಇಷ್ಟಿಷ್ಟು ಪ್ರತಿರೋಧ ಒಡ್ಡಬೇಕೆಂದು ಲೆಕ್ಕ ಹಾಕಿದ್ದ ಎಂಜಿನಿಯರುಗಳ ಕಣ್ಣೆದುರಿಗೇ ಒಂದು ಪೈಲ್ ತನ್ನ ತೂಕದಿಂದಲೇ ಜಾರಿ, ಅರುವತ್ತು ಮೀಟರಿನಷ್ಟು ಕೆಳಕ್ಕಿಳಿಯಿತು. ಪೈಲಿನ ಮೈಗೂ ಮಣ್ಣಿಗೂ ನಡುವೆ ಇರಬೇಕಾದ ಘರ್ಷಣೆ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿತ್ತು.

ಕಾರಣ ಆ ಮರಳಿನ ಹುಟ್ಟಿನಲ್ಲೇ ಇತ್ತು. ನದಿಗಳು ಬೆಟ್ಟದಿಂದ ತಂದು ಹಾಕುವ ಮರಳು ಬೆಣಚುಕಲ್ಲಿನದು, ಅದರ ಕಣಗಳು ಗಟ್ಟಿ. ಆ ಕಡಲತಳದಲ್ಲಿದ್ದದ್ದು ಸೂಕ್ಷ್ಮಜೀವಿಗಳ ಕವಚ, ಚಿಪ್ಪು ಮತ್ತು ಹವಳದ ಚೂರುಗಳು ಸೇರಿ ಆದ ಸುಣ್ಣಾಂಶದ ಮರಳು; ಅದರ ಕಣಗಳು ಟೊಳ್ಳು, ಮುರುಕಲು. ಅಕ್ಕಿಯ ಮೂಟೆಗೆ ಒಂದು ಗೂಟವನ್ನು ಹೊಡೆದರೆ ಸುತ್ತಲಿನ ಕಾಳುಗಳು ಒತ್ತಿಕೊಂಡು ಗೂಟವನ್ನು ಹಿಡಿಯುತ್ತವೆ. ಮಂಡಕ್ಕಿಯ ಚೀಲಕ್ಕೆ ಅದೇ ಗೂಟವನ್ನು ಹೊಡೆದರೆ ಸುತ್ತಲಿನ ಮಂಡಕ್ಕಿ ಪುಡಿಯಾಗಿ ಕುಗ್ಗುತ್ತದೆ, ಗೂಟ ಸಡಿಲವಾಗಿಯೇ ಉಳಿಯುತ್ತದೆ. ಬೆಣಚುಮರಳಿಗೆ ಬಳಸುತ್ತಿದ್ದ ಸೂತ್ರವನ್ನು ಈ ಮರಳಿಗೂ ಹಚ್ಚಿದ್ದರಿಂದ ಲೆಕ್ಕ ಹಲವು ಪಟ್ಟು ತಪ್ಪಿತು. ಮುಂದೆ ಪೈಲುಗಳ ಬುಡವನ್ನು ಗಟ್ಟಿ ಮಾಡಿ ವೇದಿಕೆಯನ್ನು ಉಳಿಸಿಕೊಳ್ಳಲು ನೂರಾರು ದಶಲಕ್ಷ ಆಸ್ಟ್ರೇಲಿಯನ್ ಡಾಲರುಗಳ ವೆಚ್ಚವಾಯಿತು.

ಆ ದೇಶ ಅಲ್ಲಿಗೆ ನಿಲ್ಲಿಸಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. 1988ರಲ್ಲಿ ಪರ್ತ್ ನಗರದಲ್ಲಿ ಸುಣ್ಣಾಂಶದ ಕಡಲ ಮಣ್ಣಿನ ಬಗ್ಗೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 1997ರಲ್ಲಿ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದಲ್ಲಿ, ಮಾರ್ಕ್ ರ‍್ಯಾಂಡಾಲ್ಫ್ ಅವರ ನೇತೃತ್ವದಲ್ಲಿ, ಕಡಲೊಳಗಿನ ಅಡಿಪಾಯಗಳ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಆರಂಭವಾಯಿತು. ಈ ಕ್ಷೇತ್ರದಲ್ಲಿ ಜಗತ್ತಿನ ಎಲ್ಲೆಡೆಯ ಎಂಜಿನಿಯರುಗಳು ಇಂದು ಆ ಕೇಂದ್ರದ ಕೆಲಸವನ್ನು ನೋಡದೆ ಮುಂದೆ ಹೋಗುವುದಿಲ್ಲ.

ಈ ಕಥೆ ಆಸ್ಟ್ರೇಲಿಯದ್ದೆಂದು ನಾವು ದೂರ ಇಡುವಂತಿಲ್ಲ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಮೀಕ್ಷೆಗಳು ದಶಕಗಳ ಹಿಂದೆಯೇ ತೋರಿಸಿರುವಂತೆ, ಭಾರತದ ಪಶ್ಚಿಮ ತೀರದಲ್ಲಿ ಸುಮಾರು 50 ಮೀಟರ್ ಆಳದವರೆಗೆ ನದಿಗಳು ತಂದ ಕೆಸರು ಹರಡಿಕೊಂಡಿದ್ದರೆ, ಅದರಾಚೆಗೆ ಹಿಂದಿನ ಯುಗಗಳಲ್ಲಿ ಕಡಲಮಟ್ಟ ಕೆಳಗಿದ್ದಾಗ ಉಳಿದ ಸುಣ್ಣಾಂಶದ ಮರಳು ವಿಸ್ತಾರವಾಗಿ ಹಾಸಿಕೊಂಡಿದೆ. 1974ರಲ್ಲಿ ತೈಲ ಸಿಕ್ಕ ಮುಂಬೈ ಹೈ ಪ್ರದೇಶದ ಎಂಜಿನಿಯರುಗಳು ಎದುರಿಸಿದ್ದೂ ಇಂಥದೇ ಮಣ್ಣನ್ನು. ಇನ್ನೊಂದು ಸಂಗತಿಯನ್ನು ಹೆಮ್ಮೆಯಿಂದಲೂ ನೋವಿನಿಂದಲೂ ಹೇಳಬೇಕಾಗಿದೆ. ಆಸ್ಟ್ರೇಲಿಯದ ಆ ಪೈಲ್ ಜಾರುವುದಕ್ಕೆ ಮೂರು ವರ್ಷ ಮೊದಲೇ, 1979ರಲ್ಲಿ, ದೆಹಲಿಯ ಐಐಟಿಯ ದತ್ತ, ಗುಲ್ಹಾಟಿ ಮತ್ತು ರಾವ್ ಎಂಬ ಸಂಶೋಧಕರು ಸುಣ್ಣಾಂಶದ ಮರಳಿನ ಕಣಗಳು ಒತ್ತಡದಲ್ಲಿ ಹೇಗೆ ಪುಡಿಯಾಗುತ್ತವೆ ಎಂಬುದನ್ನು ಪರೀಕ್ಷೆ ಮಾಡಿ, ಹ್ಯೂಸ್ಟನ್ನಿನಲ್ಲಿ ನಡೆಯುವ ಆಫ್‌ಶೋರ್ ಟೆಕ್ನಾಲಜಿ ಕಾನ್ಫರೆನ್ಸಿನಲ್ಲಿ ಪ್ರಬಂಧವನ್ನು ಮಂಡಿಸಿದ್ದರು. ಅರಿವು ನಮ್ಮಲ್ಲಿ ಹುಟ್ಟಿತ್ತು. ಅದಕ್ಕೆ ಪರ್ತ್‌ನಲ್ಲಿ ಸಿಕ್ಕಂತಹ ನೆಲೆ ಇಲ್ಲಿ ಸಿಗಲಿಲ್ಲ. ಚೆನ್ನೈಯಲ್ಲಿ 1993ರಿಂದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಿದೆ, ಬಾಂಬೆ ಐಐಟಿಯಲ್ಲಿ ಮಣ್ಣಿನ ಮಾದರಿಗಳನ್ನು ರಭಸದಿಂದ ತಿರುಗಿಸಿ ಪರೀಕ್ಷಿಸುವ, ನಾಲ್ಕೂವರೆ ಮೀಟರ್ ತ್ರಿಜ್ಯದ ದೊಡ್ಡ ಸೆಂಟ್ರಿಫ್ಯೂಜ್ ಯಂತ್ರ ಇದೆ. ಕಡಲತಳದ ಅಡಿಪಾಯ ಮತ್ತು ಲಂಗರುಗಳನ್ನೇ ಜೀವಮಾನದ ಕೆಲಸವಾಗಿಸಿಕೊಂಡ ಜನ ಒಂದೆಡೆ ಸೇರಿ, ಮೂವತ್ತು ನಲವತ್ತು ವರ್ಷ ಬಿಡದೆ ದುಡಿಯುವ ಜಾಗ ಇವುಗಳ ಜೊತೆಗೆ ಬೇಕಾಗಿದೆ.

ಸೆಂಟ್ರಿಫ್ಯೂಜಿನ ಮಾತು ಬಂದದ್ದರಿಂದ ಅದರ ಉಪಯೋಗವನ್ನೂ ಹೇಳಿಬಿಡುತ್ತೇನೆ. ಮಣ್ಣಿನ ಬಲ ಅದರ ಮೇಲಿರುವ ಭಾರವನ್ನು ಅವಲಂಬಿಸಿದೆ. ಹಾಗಾಗಿ ನೂರನೇ ಒಂದು ಅಳತೆಯ ಮಾದರಿಯನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ನಿಜವಾದ ಉತ್ತರ ಸಿಗದು. ಆ ಮಾದರಿಯನ್ನು ಭೂಮಿಯ ಗುರುತ್ವದ ನೂರು ಪಟ್ಟು ಬಲ ಬೀಳುವಂತೆ ತಿರುಗಿಸಿದಾಗ, ಅಂಗೈ ಉದ್ದದ ಪೈಲಿನ ಸುತ್ತಲಿನ ಮಣ್ಣು ಹತ್ತಾರು ಮೀಟರ್ ಉದ್ದದ ಪೈಲಿನ ಸುತ್ತಲಿನ ಮಣ್ಣಿನಂತೆಯೇ ವರ್ತಿಸುತ್ತದೆ. ಕಾಲವೂ ಅಲ್ಲಿ ಕುಗ್ಗುತ್ತದೆ: ಜೇಡಿಯಿಂದ ನೀರು ಬಸಿಯುವ ಕ್ರಿಯೆ ನೂರರ ವರ್ಗದಷ್ಟು, ಅಂದರೆ ಹತ್ತು ಸಾವಿರ ಪಟ್ಟು, ಬೇಗ ನಡೆಯುವುದರಿಂದ ಕಡಲಿನ ಒಂದು ವರ್ಷವನ್ನು ಪ್ರಯೋಗಶಾಲೆಯಲ್ಲಿ ಸುಮಾರು 53 ನಿಮಿಷಗಳಲ್ಲಿ ನೋಡಬಹುದು. ಇಪ್ಪತ್ತೈದು ವರ್ಷ ಅಲೆಗಳ ಹೊಡೆತ ತಿನ್ನಬೇಕಾದ ಅಡಿಪಾಯದ ಬಗ್ಗೆ ಮೊದಲೇ ತಿಳಿಯುವುದಕ್ಕೆ ಇದಕ್ಕಿಂತ ಅಗ್ಗದ ಹಾದಿ ನನಗೆ ಗೊತ್ತಿಲ್ಲ.

ಸಂಶೋಧನೆಗೆ ಖರ್ಚು ಮಾಡಿದ ಹಣ ಕಬ್ಬಿಣದ ಉಳಿತಾಯವಾಗಿ ಹಿಂದಿರುಗುತ್ತದೆ ಎಂಬುದಕ್ಕೆ ಯುರೋಪಿನ ಅನುಭವ ಸಾಕ್ಷಿ. ಕಡಲಿನ ಗಾಳಿಯಂತ್ರಗಳಲ್ಲಿ ಬಹುಪಾಲು ಒಂದೇ ದಪ್ಪನೆಯ ಉಕ್ಕಿನ ಕೊಳವೆಯ ಮೇಲೆ ನಿಂತಿವೆ; ಅದನ್ನು ಮೊನೊಪೈಲ್ ಎನ್ನುತ್ತಾರೆ. ಈ ಕೊಳವೆಗಳ ವ್ಯಾಸ ಈಗ ಎಂಟು ಹತ್ತು ಮೀಟರಿಗೆ ಬಂದಿದೆ. ಅಲೆ ಮತ್ತು ಗಾಳಿ ಪಕ್ಕದಿಂದ ನೂಕಿದಾಗ ಅವು ಎಷ್ಟು ಬಾಗುತ್ತವೆಂದು ತಿಳಿಯಲು ಬಹುಕಾಲ ಬಳಸುತ್ತಿದ್ದ ಸೂತ್ರ, ಅಮೆರಿಕದ ಟೆಕ್ಸಾಸ್ ರಾಜ್ಯದ ಮಸ್ಟಾಂಗ್ ದ್ವೀಪದಲ್ಲಿ ಕೇವಲ 0.61 ಮೀಟರ್ ವ್ಯಾಸದ ಪೈಲುಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು ಆಧರಿಸಿತ್ತು. ಉದ್ದವಾದ ತೆಳು ಕೋಲು ಬಳುಕುವ ಬಗೆಯೇ ಬೇರೆ, ಗಿಡ್ಡನೆಯ ದಪ್ಪ ಕೊರಡು ವಾಲುವ ಬಗೆಯೇ ಬೇರೆ. ಈ ಅಂತರವನ್ನು ಸರಿಪಡಿಸಲು ಆಕ್ಸ್‌ಫರ್ಡ್, ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಡಬ್ಲಿನ್ನಿನ ವಿಶ್ವವಿದ್ಯಾಲಯಗಳು ಉದ್ಯಮದ ಜೊತೆ ಸೇರಿ ಪೀಸಾ ಎಂಬ ಯೋಜನೆಯನ್ನು ಕೈಗೊಂಡವು. ಇಂಗ್ಲೆಂಡಿನ ಕೌಡೆನ್ ಎಂಬಲ್ಲಿನ ಜೇಡಿಯಲ್ಲೂ ಫ್ರಾನ್ಸಿನ ಡಂಕರ್ಕ್ ಎಂಬಲ್ಲಿನ ಮರಳಿನಲ್ಲೂ, ಎರಡು ಮೀಟರ್ ವ್ಯಾಸದವರೆಗಿನ ಪೈಲುಗಳನ್ನು ನೆಟ್ಟು ಎಳೆದು ಪರೀಕ್ಷಿಸಿದರು. ಹೊಸ ವಿಧಾನದಿಂದ ಅನೇಕ ಕಡೆ ಪೈಲಿನ ಉದ್ದವೂ ಉಕ್ಕಿನ ತೂಕವೂ ಗಣನೀಯವಾಗಿ ಇಳಿದವು. ಓದುಗರು ಗಮನಿಸಬೇಕಾದದ್ದು, ಈ ಪರೀಕ್ಷೆಗಳು ನಡೆದದ್ದು ಕಡಲಲ್ಲಲ್ಲ, ನೆಲದ ಮೇಲೆ. ನಮ್ಮಿಂದಾಗದ ಕೆಲಸ ಇದಲ್ಲ. ಆದರೆ ಅವರ ಜೇಡಿ ಹಿಮನದಿಗಳು ಅರೆದು ಒತ್ತಿಹೋದ ಗಟ್ಟಿ ಜೇಡಿ. ಖಂಭಾತ್ ಕೊಲ್ಲಿಯ ತಳ ಹತ್ತು ಮೀಟರಿನಷ್ಟು ಏರಿಳಿಯುವ ಉಬ್ಬರವಿಳಿತದ ಸೆಳೆತಕ್ಕೆ ಸಿಕ್ಕ ಕೆಸರಿನದು. ಅಲ್ಲಿನ ಸಂಖ್ಯೆಗಳನ್ನು ತಂದು ಇಲ್ಲಿ ಅಂಟಿಸಿದರೆ ನಾರ್ತ್ ರ‍್ಯಾಂಕಿನ್ನಿನ ತಪ್ಪನ್ನೇ ನಾವು ಇನ್ನೊಂದು ರೂಪದಲ್ಲಿ ಮಾಡಿದಂತಾಗುತ್ತದೆ.

ಸುತ್ತಿಗೆಯ ಏಟಿಲ್ಲದೆ ನೆಲಕ್ಕಿಳಿಯುವ ಅಡಿಪಾಯವೂ ಒಂದಿದೆ. ಬೋರಲು ಹಾಕಿದ ದೊಡ್ಡ ಕೊಳಗದಂತಹ ಉಕ್ಕಿನ ಪಾತ್ರೆಯನ್ನು ಕಡಲತಳದಲ್ಲಿಟ್ಟು, ಒಳಗಿನ ನೀರನ್ನು ಪಂಪಿನಿಂದ ಹೊರಗೆಳೆದರೆ, ಹೊರಗಿನ ನೀರಿನ ಒತ್ತಡವೇ ಅದನ್ನು ಮಣ್ಣಿನೊಳಕ್ಕೆ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ನೀರನ್ನು ಒಳಕ್ಕೆ ತುಂಬಿ ಅದನ್ನು ಮೇಲಕ್ಕೂ ಎತ್ತಬಹುದು. 1994ರಲ್ಲಿ ನಾರ್ವೆಯವರು ಉತ್ತರ ಸಮುದ್ರದ ಡ್ರೌಪ್ನರ್-ಇ ವೇದಿಕೆಯನ್ನು ಇಂತಹ ಅಡಿಪಾಯದ ಮೇಲೆ ನಿಲ್ಲಿಸಿದರು. ವಿಧಾನ ಹೊಸದಾದ್ದರಿಂದ ಅದರ ನಡವಳಿಕೆಯನ್ನು ಕಾಯಲು ವೇದಿಕೆಯ ತುಂಬ ಅಳತೆಯ ಉಪಕರಣಗಳನ್ನೂ ಜೋಡಿಸಿದರು. 1995ರ ಜನವರಿ 1ರಂದು 25.6 ಮೀಟರ್ ಎತ್ತರದ ಅಲೆಯೊಂದು ಆ ವೇದಿಕೆಯ ಬಳಿ ಹಾದುಹೋದಾಗ ಅದನ್ನು ದಾಖಲಿಸಿದ್ದು ಆ ಉಪಕರಣಗಳೇ. ನಾವಿಕರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದ ರಕ್ಕಸ ಅಲೆಗೆ ಅಳತೆಯ ಪುರಾವೆ ಸಿಕ್ಕಿದ್ದು, ಒಂದು ಅಡಿಪಾಯವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಲು ಹೊರಟವರ ಶ್ರದ್ಧೆಯಿಂದ.

ಇದೇ ಪಾತ್ರೆ ಲಂಗರಾಗಿಯೂ ಕೆಲಸ ಮಾಡುತ್ತದೆ, ಮತ್ತು ಅಲ್ಲಿ ಮಣ್ಣಿನ ಗುಣ ಇನ್ನೂ ಸೂಕ್ಷ್ಮವಾಗಿ ಎದುರಾಗುತ್ತದೆ. ನಾಟಿಯ ಗದ್ದೆಯಲ್ಲಿ ಕೆಸರಿಗೆ ಹೂತ ಕಾಲನ್ನು ಥಟ್ಟನೆ ಎಳೆದರೆ ಬರುವುದಿಲ್ಲ. ಮೆಲ್ಲಗೆ ಅಲುಗಿಸಿ, ಅಡಿಗೆ ನೀರು ನುಗ್ಗಲು ಬಿಟ್ಟರೆ ಸುಲಭವಾಗಿ ಬರುತ್ತದೆ. ಜೇಡಿಯಲ್ಲಿ ಹುಗಿದ ಲಂಗರಿನ ಪಾತ್ರೆಯೂ ಹಾಗೆಯೇ, ಬಿರುಗಾಳಿಯ ಒಂದು ಎಳೆತಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಎಳೆತ ದಿನಗಟ್ಟಲೆ ಬಿಡದೆ ಇದ್ದರೆ ನೀರು ಒಳಸೇರಿ ಹಿಡಿತ ಕಡಿಮೆಯಾಗಬಹುದು. ಮರಳಿನಲ್ಲಿ ಆ ನೀರು ಇನ್ನೂ ಬೇಗ ಸೇರುತ್ತದೆ. ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ 2017ರಲ್ಲಿ ಆರಂಭವಾದ ಹೈವಿಂಡ್ ಸ್ಥಾವರದ ಐದು ತೇಲುವ ಗಾಳಿಯಂತ್ರಗಳನ್ನು, ಯಂತ್ರಕ್ಕೆ ಮೂರರಂತೆ, ಇಂತಹ ಹದಿನೈದು ಲಂಗರುಗಳು ಹಿಡಿದಿವೆ. ಆಮೇಲೆ ನಾರ್ವೆಯ ಹೈವಿಂಡ್ ಟಾಂಪೆನ್‌ನಲ್ಲಿ ನೆರೆಹೊರೆಯ ಯಂತ್ರಗಳ ಸರಪಳಿಗಳನ್ನು ಒಂದೇ ಲಂಗರಿಗೆ ಕಟ್ಟಿ, ಹನ್ನೊಂದು ಯಂತ್ರಗಳಿಗೆ ಹತ್ತೊಂಬತ್ತೇ ಲಂಗರುಗಳಲ್ಲಿ ಕೆಲಸ ಮುಗಿಸಿದರು. ಬೇರೆ ಬೇರೆ ದಿಕ್ಕಿನಿಂದ ಎಳೆಯುವ ಒಂದು ಲಂಗರಿನ ಸುತ್ತ ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಎಂಬ ಅಧ್ಯಯನವಿಲ್ಲದೆ ಅಂಥ ಉಳಿತಾಯಕ್ಕೆ ಯಾರೂ ಧೈರ್ಯ ಮಾಡಲಾರರು.

ನಮ್ಮ ರಾಜ್ಯದ ಕಡಲು ಗಾಳಿಯಂತ್ರಗಳ ಈ ಮೊದಲ ಪಟ್ಟಿಯಲ್ಲಿಲ್ಲ. ಹಾಗೆಂದು ಲಂಗರಿನ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಮಂಗಳೂರಿನ ತೈಲ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ತರುವ ಭಾರಿ ಹಡಗುಗಳು 2013ರಿಂದ ತೀರದಿಂದ ಹದಿನೈದು ಕಿಲೋಮೀಟರಿಗೂ ದೂರದಲ್ಲಿ ತೇಲುವ ಬೋಯಾಕ್ಕೆ ಕಟ್ಟಿಕೊಂಡು ತೈಲ ಇಳಿಸುತ್ತವೆ. ಆ ಬೋಯಾವನ್ನು ಹಿಡಿದಿರುವುದು ಕಡಲತಳಕ್ಕೆ ಬಿಗಿದ ಸರಪಳಿಗಳು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಂಬೈ ಕಡಲಲ್ಲಿ ಪಿ-305 ಎಂಬ ವಸತಿ ಬಾರ್ಜು ಲಂಗರು ಕಳಚಿ, ತೇಲಿಹೋಗಿ ಮುಳುಗಿತು. ಅದರಲ್ಲಿದ್ದ 261 ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಬಿರುಗಾಳಿಯಲ್ಲಿ ಮೂಲ್ಕಿಯ ಬಳಿ ಬಂಡೆಗಳಿಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಜನರನ್ನು ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆಯವರು ಪಾರುಮಾಡಿದ್ದನ್ನು ನಮ್ಮ ಭಾಗದ ಜನ ಮರೆತಿಲ್ಲ. ಈ ದುರಂತಗಳನ್ನು ಮಣ್ಣಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮುನ್ನೆಚ್ಚರಿಕೆ ಕೊಟ್ಟ ಹೊತ್ತು, ದಡಕ್ಕೆ ಮರಳುವ ತೀರ್ಮಾನ ಮುಂತಾದ ಪ್ರಶ್ನೆಗಳೇ ಅಲ್ಲಿ ದೊಡ್ಡವು. ಆದರೂ ಕಡಲಲ್ಲಿ ದುಡಿಯುವವರ ಪ್ರಾಣ ಎಷ್ಟೋ ಸಲ ಒಂದು ಲಂಗರಿನ ಹಿಡಿತಕ್ಕೆ ಜೋತುಬಿದ್ದಿರುತ್ತದೆ ಎಂಬುದನ್ನು ಆ ದಿನಗಳು ತೋರಿಸಿದವು.

ನಮ್ಮ ತೀರದ ಕೆಸರಿಗೂ ಅದರದೇ ಸ್ವಭಾವಗಳಿವೆ. ಪಶ್ಚಿಮ ತೀರದ ಕೆಸರಿನ ಪದರಗಳಲ್ಲಿ ಕೆಲವೆಡೆ ಮೀಥೇನ್ ಅನಿಲ ಸಿಕ್ಕಿಕೊಂಡಿರುವುದನ್ನು ಗೋವೆಯ ವಿಜ್ಞಾನಿಗಳು ಗುರುತಿಸಿದ್ದಾರೆ; ಅನಿಲ ಸೇರಿದ ಮಣ್ಣಿನ ಬಲವನ್ನು ಸಾಮಾನ್ಯ ಸೂತ್ರಗಳಿಂದ ಅಂದಾಜು ಮಾಡುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಶ್ರೀಧರನ್ ಮತ್ತು ಸಂಗಡಿಗರು ಕೊಚ್ಚಿಯ ಕಡಲಜೇಡಿಯ ಮೇಲೆ ನಡೆಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಆ ಜೇಡಿಯನ್ನು ಒಮ್ಮೆ ಒಣಗಿಸಿದರೆ ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು, ಮತ್ತೆ ನೀರು ಬೆರೆಸಿದರೂ ಅದು ಮೊದಲಿನ ಜೇಡಿಯಾಗಿ ಉಳಿಯುವುದಿಲ್ಲ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು.

ಈ ಮಾತನ್ನು ಬರೆಯುವಾಗ ನನಗೆ ನನ್ನ ಕೆಲಸದ ಮೊದಲ ವರ್ಷಗಳ ಒಂದು ಘಟನೆ ನೆನಪಾಗುತ್ತದೆ. ಪಶ್ಚಿಮ ಕರಾವಳಿಯ ಜೆಟ್ಟಿಯೊಂದಕ್ಕಾಗಿ ಕಡಲತಳದಿಂದ ತೆಗೆದ ಮಣ್ಣಿನ ಕೊಳವೆಗಳು ತೆರೆದ ಲಾರಿಯಲ್ಲಿ ಎರಡು ದಿನ ಬಿಸಿಲಿನಲ್ಲಿ ನಿಂತಿದ್ದವು. ಪ್ರಯೋಗಶಾಲೆಯಲ್ಲಿ ತೆರೆದಾಗ ಬಾಯಿಗೆ ಹಚ್ಚಿದ್ದ ಮೇಣ ಕರಗಿ, ಜೇಡಿ ಅಂಚಿನಿಂದ ಒಳಗೆ ಬಿರುಕುಬಿಟ್ಟಿತ್ತು. ಹೊಸದಾಗಿ ಮಾದರಿ ತೆಗೆಯಲು ಬಾರ್ಜಿನ ಬಾಡಿಗೆ ಹೆಚ್ಚಾಗುತ್ತದೆಂದು ಗುತ್ತಿಗೆ ಹಿಡಿದಿದ್ದ ಸಂಸ್ಥೆ ಒಪ್ಪಲಿಲ್ಲ; ಆ ಜೇಡಿಯ ಫಲಿತಾಂಶಗಳೇ ವರದಿಗೆ ಸೇರಿದವು. ಮಾದರಿ ಒಣಗಿತ್ತೆಂಬ ಒಂದು ಸಾಲು ವರದಿಯಲ್ಲಿ ಬರಲಿಲ್ಲ. ಕಿರಿಯನಾಗಿದ್ದ ನಾನು ಆಗ ಸುಮ್ಮನಿದ್ದೆ, ಅದು ಈಗಲೂ ನನ್ನನ್ನು ಬಾಧಿಸುತ್ತದೆ. ಆ ವರದಿ ಸಾರ್ವಜನಿಕರ ಕಣ್ಣಿಗೆ ಬೀಳುವಂತಿದ್ದರೆ, ಇನ್ನೊಬ್ಬ ಮಣ್ಣುಬಲ್ಲವರು ಅದನ್ನು ಓದುವಂತಿದ್ದರೆ, ಆ ಸಂಖ್ಯೆಗಳು ಹಾಗೆಯೇ ಉಳಿಯುತ್ತಿರಲಿಲ್ಲ.

ಆದ್ದರಿಂದ ನನ್ನ ಮುಖ್ಯ ಒತ್ತಾಯವೆಂದರೆ, ಸಾರ್ವಜನಿಕ ಹಣದಿಂದ ನಡೆಯುವ ಪ್ರತಿಯೊಂದು ಕಡಲತಳದ ಮಣ್ಣು ಪರೀಕ್ಷೆಯ ವಿವರವೂ ಒಂದು ನಿಗದಿತ ಅವಧಿಯ ನಂತರ ಎಲ್ಲರಿಗೂ ಸಿಗುವಂತಾಗಬೇಕು. ನೆದರ್ಲೆಂಡ್ಸಿನಲ್ಲಿ ಗಾಳಿಯಂತ್ರಗಳ ಜಾಗವನ್ನು ಹರಾಜಿಗಿಡುವ ಮೊದಲು ಸರ್ಕಾರವೇ ಬೋರು ಕೊರೆಸಿ, ಮಣ್ಣಿನ ವರದಿಗಳನ್ನು ಬಿಡ್ಡುದಾರರಷ್ಟೇ ಅಲ್ಲ, ಬೇಕೆಂದವರೆಲ್ಲ ಓದುವಂತೆ ಪ್ರಕಟಿಸುತ್ತದೆ. ನೆಲದ ಬಗೆಗಿನ ಅನುಮಾನ ಕಡಿಮೆಯಾದಷ್ಟೂ ಬಿಡ್ಡುದಾರರು ಅಪಾಯಕ್ಕೆಂದು ಸೇರಿಸುವ ಹಣವೂ ಕಡಿಮೆಯಾಗುತ್ತದೆ. 2018ರಲ್ಲಿ ಆ ದೇಶದ ಹಾಲಂಡ್ಸೆ ಕುಸ್ಟ್ ದಕ್ಷಿಣ ವಲಯಕ್ಕೆ ಸಹಾಯಧನವನ್ನೇ ಕೇಳದ ಬಿಡ್ ಬಂದದ್ದಕ್ಕೆ ಹಲವು ಕಾರಣಗಳಲ್ಲಿ ಇದೂ ಒಂದೆಂದು ನಾನು ತಿಳಿಯುತ್ತೇನೆ. ಬ್ರಿಟನ್ನಿನಲ್ಲಿ 2013ರಿಂದ ಕಡಲ ಸಮೀಕ್ಷೆಗಳ ಮಾಹಿತಿಯನ್ನು ಒಂದೇ ಭಂಡಾರದಲ್ಲಿ ಕೂಡಿಡಲಾಗುತ್ತಿದೆ. ನಮ್ಮಲ್ಲಿ ಬಂದರು, ಅಲೆತಡೆಗೋಡೆ, ಕೊಳವೆಮಾರ್ಗ, ಜೆಟ್ಟಿ ಎಂದು ಎಷ್ಟೋ ಬೋರುಗಳನ್ನು ಕೊರೆಯಲಾಗಿದೆ. ಅವುಗಳ ವರದಿಗಳು ಕಚೇರಿಗಳ ಕಪಾಟುಗಳಲ್ಲಿ ಉಳಿಯುತ್ತವೆ, ಪಕ್ಕದಲ್ಲೇ ಹೊಸ ಕೆಲಸ ಬಂದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಸುರಕ್ಷತೆಯ ಕಾರಣಕ್ಕೆ ಗುಟ್ಟಾಗಿಡಲೇಬೇಕಾದ ನೌಕಾನೆಲೆಯಂತಹ ಜಾಗಗಳನ್ನು ಬಿಟ್ಟು ಉಳಿದುದನ್ನು ತೆರೆದಿಡಲು ಅಡ್ಡಿಯಾಗಬಾರದು.

ಇದರ ಜೊತೆಗೆ ಬೇಕಾದದ್ದು ಆ ಮಾಹಿತಿಯನ್ನು ಅರಿವಾಗಿಸುವ ಜನ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಕಡಲ ದಂಡೆಯ ಮೇಲೆಯೇ ಇದೆ. ಅಲೆಗಳ ಅಧ್ಯಯನದಲ್ಲಿ ಅಲ್ಲಿ ಹಳೆಯ ಪರಂಪರೆಯಿದೆ. ಮಣ್ಣಿನ ಸೂಕ್ಷ್ಮ ಗುಣಗಳ ಅಧ್ಯಯನದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯದು ಅಷ್ಟೇ ಹಳೆಯ ಹೆಸರು. ಇವೆರಡೂ ಗೋವೆಯ ಸಮುದ್ರವಿಜ್ಞಾನ ಸಂಸ್ಥೆಯೊಡನೆ ಸೇರಿ ಪಶ್ಚಿಮ ತೀರದ ಕಡಲತಳಕ್ಕೆ ಮೀಸಲಾದ ಒಂದು ಕೇಂದ್ರವನ್ನು ನಡೆಸುವಂತಾದರೆ, ಅದಕ್ಕೆ ಬೇಕಾಗುವ ಹಣ 7,453 ಕೋಟಿ ರೂಪಾಯಿಗಳ ಮುಂದೆ ಬಹಳ ಚಿಕ್ಕದು. ಒದ್ದೆಯಾಗಿಯೇ ಕಾಪಾಡಿದ ಮಣ್ಣಿನ ಮಾದರಿಗಳ ಸಂಗ್ರಹ, ನಮ್ಮದೇ ಸುಣ್ಣಾಂಶದ ಮರಳಿನಲ್ಲಿ ಪೈಲುಗಳನ್ನೂ ಲಂಗರುಗಳನ್ನೂ ಎಳೆದು ನೋಡುವ ಪರೀಕ್ಷಾ ನೆಲ, ಮಳೆಗಾಲದ ನಾಲ್ಕು ತಿಂಗಳ ಅಲೆಗಳಿಗೆ ನಮ್ಮ ಕೆಸರು ಹೇಗೆ ಮೆತ್ತಗಾಗುತ್ತದೆ ಎಂಬ ದೀರ್ಘಕಾಲದ ದಾಖಲೆ, ಇವು ಮೊದಲಿಗೆ ಆಗಬೇಕಾದ ಕೆಲಸಗಳು. ಮುಂದೆ ತೇಲುವ ಗಾಳಿಯಂತ್ರಗಳು ಕರ್ನಾಟಕದ ಕಡಲಿಗೂ ಬರುವ ದಿನ ಬಂದರೆ, ಅಷ್ಟು ಹೊತ್ತಿಗೆ ಈ ದಾಖಲೆಗೆ ಕನಿಷ್ಠ ಹತ್ತು ವರ್ಷಗಳ ವಯಸ್ಸಾಗಿರಬೇಕು.

ಈ ಕೆಲಸದಲ್ಲಿ ಮೀನುಗಾರರನ್ನು ಹೊರಗಿಡಬಾರದು. ಎಲ್ಲಿ ಕೆಸರು, ಎಲ್ಲಿ ಹೊಯ್ಗೆ, ಎಲ್ಲಿ ಕಲ್ಲು ಎಂಬುದು ಬಲೆ ಹರಿದುಕೊಂಡು, ಲಂಗರು ಕಳೆದುಕೊಂಡು ಅವರು ಕಲಿತ ವಿದ್ಯೆ. ಲಂಗರಿನ ಸರಪಳಿಗಳು ಹರಡಿಕೊಂಡ ಜಾಗದಲ್ಲಿ ಬಲೆ ಎಳೆಯಲು ಆಗುವುದಿಲ್ಲವಾದ್ದರಿಂದ, ಎಷ್ಟು ಲಂಗರು, ಎಷ್ಟು ಉದ್ದದ ಸರಪಳಿ ಎಂಬ ಎಂಜಿನಿಯರಿಂಗ್ ಪ್ರಶ್ನೆ ನೇರವಾಗಿ ಅವರ ಅನ್ನದ ಪ್ರಶ್ನೆಯೂ ಹೌದು. ಬೋರು ಕೊರೆಯುವ ಜಾಗಗಳನ್ನು ಗೊತ್ತುಮಾಡುವ ಮೊದಲ ಸಭೆಗೇ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ದೋಣಿಗಳ ತಾಂಡೇಲರನ್ನು ಕರೆಯಬೇಕು.

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೂ ರಾಜ್ಯದ ಬಂದರು ಇಲಾಖೆಯೂ ತಮ್ಮಲ್ಲಿರುವ ಕಡಲತಳದ ಬೋರುಗಳ ಒಂದು ಪಟ್ಟಿಯನ್ನಾದರೂ, ಜಾಗ, ವರ್ಷ ಮತ್ತು ಆಳದ ವಿವರಗಳೊಂದಿಗೆ, ಮೊದಲ ಹೆಜ್ಜೆಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅದನ್ನು ಜೋಡಿಸುವ ಕೆಲಸಕ್ಕೆ ನನ್ನಂತಹ ನಿವೃತ್ತರ ಸಮಯ ಬೇಕಾದರೆ, ಸಂಬಳವಿಲ್ಲದೆ ಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಣ್ಣು ಪರೀಕ್ಷಾ ಎಂಜಿನಿಯರ್,
ಸುರತ್ಕಲ್